ಸಾಕುನಾಯಿಯ ಕಾಲಿನ ಗಾಯ ಮತ್ತು ಕೀಲುಗಳ ಆರೈಕೆ: ಕುಂಟು ನಿಂತ ಮೇಲೂ ಉಳಿಯುವ ಕರ್ತವ್ಯ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ನಾಯಿಯೂ ಮನೆಯ ಸದಸ್ಯನಂತೆಯೇ ಬೆಳೆಯುತ್ತಿದೆ. ಅದರ ಕಾಲಿಗೆ ಪೆಟ್ಟಾದಾಗ ಮನೆಮಂದಿಗೆಲ್ಲ ಆತಂಕವಾಗುವುದು ಸಹಜ. ಆ ದಿನ ವೈದ್ಯರಲ್ಲಿಗೆ ಕರೆದೊಯ್ಯುವುದರಲ್ಲಿ ಯಾರೂ ಹಿಂದೆ ಬೀಳುವುದಿಲ್ಲ. ಲೋಪವಾಗುವುದು ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ. ಅಷ್ಟರಲ್ಲಿ ನೋವು ತಗ್ಗಿರುತ್ತದೆ, ನಾಯಿ ಕಾಲೂರಿ ನಡೆಯತೊಡಗಿರುತ್ತದೆ, ಮನೆಯವರು ಅದು ಗುಣವಾಯಿತೆಂದು ಭಾವಿಸಿ ಕಟ್ಟು ಸಡಿಲಿಸುತ್ತಾರೆ. ಒಳಗಿನ ಮೂಳೆಯಾಗಲಿ ಕೀಲಾಗಲಿ ಇನ್ನೂ ಬಲಗೊಂಡಿರುವುದಿಲ್ಲ. ಒಂದು ನೆಗೆತದಲ್ಲಿ ಅಷ್ಟೂ ದಿನದ ಚಿಕಿತ್ಸೆ ವ್ಯರ್ಥವಾಗಬಹುದು. ಈ ವಿಷಯದಲ್ಲಿ ನಾಯಿ ಸಾಕಿರುವವರು ತಿಳಿದಿರಬೇಕಾದ ಮುಖ್ಯ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಕೀಲಿನ ರಚನೆ

ಎರಡು ಮೂಳೆಗಳು ಸೇರುವ ಸ್ಥಳವೇ ಕೀಲು. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ಅವುಗಳ ನಡುವೆ ಎಣ್ಣೆಯಂತೆ ಕೆಲಸ ಮಾಡುವ ಕೀಲುದ್ರವವಿರುತ್ತದೆ. ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಗಟ್ಟಿ ಪಟ್ಟಿಗಳೇ ಅಸ್ಥಿರಜ್ಜುಗಳು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಆದ್ದರಿಂದ ಒಮ್ಮೆ ಸವೆದರೆ ಅದು ಮೊದಲಿನಂತೆ ಬೆಳೆಯುವುದಿಲ್ಲ. ಕೀಲಿನ ಆರೈಕೆಯಲ್ಲಿ ಸವೆತವನ್ನು ತಡೆಯುವುದಕ್ಕೆ ಪ್ರಾಧಾನ್ಯವಿರುವುದು ಈ ಕಾರಣಕ್ಕೆ.

ನಿಂತಿರುವ ನಾಯಿಯ ದೇಹಭಾರದಲ್ಲಿ ಸುಮಾರು ಶೇಕಡಾ 60 ಭಾಗ ಮುಂಗಾಲುಗಳ ಮೇಲೆಯೂ ಉಳಿದ 40 ಭಾಗ ಹಿಂಗಾಲುಗಳ ಮೇಲೆಯೂ ಬೀಳುತ್ತದೆ. ಒಂದು ಕಾಲು ನೊಂದರೆ ಅದರ ಪಾಲಿನ ಭಾರ ಉಳಿದ ಮೂರಕ್ಕೆ ಹಂಚಿಹೋಗುತ್ತದೆ. ಆದುದರಿಂದ ಆರೈಕೆಯ ಕಾಲದಲ್ಲಿ ಆರೋಗ್ಯವಾಗಿರುವ ಕಾಲುಗಳ ಮೇಲೂ ಕಣ್ಣಿಟ್ಟಿರಬೇಕು.

ಕುಂಟುವುದೆಲ್ಲ ಪೆಟ್ಟಿನಿಂದಲ್ಲ

ನಾಯಿ ಕುಂಟತೊಡಗಿದಾಗ ಮೊದಲು ಪಾದವನ್ನು ಪರೀಕ್ಷಿಸಬೇಕು. ಬೆರಳುಗಳ ಸಂದಿಯಲ್ಲಿ ಮುಳ್ಳು, ಗಾಜಿನ ಚೂರು, ಸೀಳಿದ ಉಗುರು, ಬೇಸಿಗೆಯ ಡಾಂಬರು ರಸ್ತೆಯಿಂದಾದ ಸುಟ್ಟಗಾಯ ಇವುಗಳಲ್ಲಿ ಯಾವುದಾದರೂ ಇರಬಹುದು. ಪಾದ ಸರಿಯಿದ್ದರೆ ಬೇರೆ ಕಾರಣಗಳನ್ನು ಯೋಚಿಸಬೇಕು.

ನಮ್ಮ ದೇಶದಲ್ಲಿ ಮರೆಯಬಾರದ ಕಾರಣವೆಂದರೆ ಉಣ್ಣಿಗಳಿಂದ ಹರಡುವ ಜ್ವರ. ಇದರಲ್ಲಿ ಕೀಲುಗಳು ಊದಿಕೊಂಡು, ಇಂದು ಒಂದು ಕಾಲು, ನಾಳೆ ಮತ್ತೊಂದು ಎಂಬಂತೆ ಕುಂಟು ಬದಲಾಗುವುದುಂಟು. ಜ್ವರ, ಮಂಕು, ಊಟ ಬಿಡುವುದು ಜೊತೆಗಿದ್ದರೆ ರಕ್ತಪರೀಕ್ಷೆ ಅಗತ್ಯ. ದೊಡ್ಡ ತಳಿಯ ವಯಸ್ಸಾದ ನಾಯಿಯಲ್ಲಿ ಕುಂಟು ವಾರಗಟ್ಟಲೆ ಕಡಿಮೆಯಾಗದೆ, ಮೂಳೆಯ ಮೇಲೆ ಗಟ್ಟಿಯಾದ ಊತ ಕಂಡರೆ ಮೂಳೆಯ ಅರ್ಬುದವೂ ಕಾರಣವಾಗಿರಬಹುದು. ತಡಮಾಡದೆ ಎಕ್ಸ್-ರೇ ತೆಗೆಸಬೇಕು.

ನಾಯಿಗಳು ನೋವನ್ನು ಸುಲಭವಾಗಿ ತೋರಗೊಡುವುದಿಲ್ಲ. ಕೂಗದಿದ್ದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಬಾರದು. ಎದ್ದೇಳಲು ತಡಮಾಡುವುದು, ಮೆಟ್ಟಿಲ ಮುಂದೆ ಹಿಂಜರಿಯುವುದು, ಒಂದೇ ಕೀಲನ್ನು ನೆಕ್ಕುತ್ತಿರುವುದು, ಮುಟ್ಟಿದರೆ ಸಿಡುಕುವುದು ಇವೆಲ್ಲ ನೋವಿನ ಲಕ್ಷಣಗಳೇ.

ಮೊದಲ ದಿನ ಅನುಸರಿಸಬೇಕಾದ ಕ್ರಮ

ವಾಹನ ಬಡಿದಾಗ, ಎತ್ತರದಿಂದ ಬಿದ್ದಾಗ ಅಥವಾ ದೀಪಾವಳಿಯ ಪಟಾಕಿಯ ಸದ್ದಿಗೆ ಹೆದರಿ ಓಡಿ ಪೆಟ್ಟು ಮಾಡಿಕೊಂಡಾಗ ಕೆಳಗಿನ ಕ್ರಮ ಸೂಕ್ತ.

1. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚಬಹುದು. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ, ವಾಂತಿಯಾಗುತ್ತಿಲ್ಲದಿದ್ದರೆ ಮೃದುವಾದ ಬಟ್ಟೆಯಿಂದ ಮೂತಿಯನ್ನು ಸಡಿಲವಾಗಿ ಕಟ್ಟಬಹುದು. ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳಿಗೆ ಹೀಗೆ ಕಟ್ಟಬಾರದು.
2. ರಕ್ತ ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯನ್ನಿಟ್ಟು ಒತ್ತಿ ಹಿಡಿಯಬೇಕು.
3. ಓರೆಯಾದ ಕಾಲನ್ನು ಎಳೆದು ನೇರಮಾಡಲು ಹೋಗಬಾರದು. ಮೂಳೆ ಹೊರಬಂದಿದ್ದರೆ ಒಳಗೆ ತಳ್ಳಬಾರದು.
4. ಹಲಗೆಯ ಮೇಲೆ ಅಥವಾ ನಾಲ್ಕು ಮೂಲೆಗಳನ್ನು ಹಿಡಿದ ಹಾಸುಬಟ್ಟೆಯಲ್ಲಿ ಮಲಗಿಸಿ ಆಸ್ಪತ್ರೆಗೆ ಸಾಗಿಸಬೇಕು.
5. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ಊಟ ಕೊಡದಿರುವುದು ಒಳ್ಳೆಯದು.

ಅಪಘಾತವಾದ ನಾಯಿ ಮೇಲ್ನೋಟಕ್ಕೆ ಕಾಲನ್ನಷ್ಟೇ ನೋಯಿಸಿಕೊಂಡಂತೆ ಕಂಡರೂ ಎದೆ, ಹೊಟ್ಟೆ, ಮೂತ್ರಕೋಶಗಳಿಗೆ ಒಳಗಾಯವಾಗಿರಬಹುದು. ವೈದ್ಯರು ಮೊದಲು ಅತ್ತ ಗಮನ ಕೊಟ್ಟು, ಮೂಳೆಯ ಚಿಕಿತ್ಸೆಯನ್ನು ಒಂದೆರಡು ದಿನ ಮುಂದಕ್ಕೆ ಹಾಕಿದರೆ ಅದನ್ನು ನಿರ್ಲಕ್ಷ್ಯವೆಂದು ಭಾವಿಸಬಾರದು.

ಮನೆಯ ಮಾತ್ರೆ ಬೇಡ

ಮನುಷ್ಯರಿಗೆಂದು ತಂದಿಟ್ಟ ನೋವಿನ ಮಾತ್ರೆಗಳು ನಾಯಿಯ ಪ್ರಾಣಕ್ಕೇ ಎರವಾಗಬಹುದು. ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುತ್ತದೆ, ಮೂತ್ರಪಿಂಡಗಳು ಕೆಡುತ್ತವೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ಹಾನಿ. ಬೆಕ್ಕಿಗಂತೂ ಅದು ವಿಷವೇ ಸರಿ. ನಾವು ಹಚ್ಚಿಕೊಳ್ಳುವ ನೋವಿನ ಮುಲಾಮುಗಳಲ್ಲಿ ಕರ್ಪೂರ ಮೊದಲಾದ ದ್ರವ್ಯಗಳಿರುತ್ತವೆ. ನಾಯಿ ಅದನ್ನು ನೆಕ್ಕದೆ ಬಿಡುವುದಿಲ್ಲವಾದ್ದರಿಂದ ಅವೂ ಸಲ್ಲವು.

ಪಶುವೈದ್ಯರು ಮೆಲಾಕ್ಸಿಕಾಮ್, ಕಾರ್ಪ್ರೊಫೆನ್ ಮೊದಲಾದ ಔಷಧಗಳನ್ನು ನಾಯಿಯ ತೂಕ ನೋಡಿ, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿಯನ್ನು ಗಮನಿಸಿ ಕೊಡುತ್ತಾರೆ. ಇವುಗಳೊಡನೆ ಸ್ಟೀರಾಯ್ಡ್ ಸೇರಬಾರದು. ಆದುದರಿಂದ ಚರ್ಮರೋಗಕ್ಕೋ ಬೇರೆ ಕಾಯಿಲೆಗೋ ಈಗಾಗಲೇ ಕೊಡುತ್ತಿರುವ ಔಷಧವಿದ್ದರೆ ವೈದ್ಯರಿಗೆ ಮರೆಯದೆ ತಿಳಿಸಬೇಕು. ವಾಂತಿ, ಕಪ್ಪು ಬಣ್ಣದ ಮಲ ಅಥವಾ ಊಟದಲ್ಲಿ ಅರುಚಿ ಕಂಡರೆ ಔಷಧ ನಿಲ್ಲಿಸಿ ಕೂಡಲೇ ವೈದ್ಯರನ್ನು ಕೇಳಬೇಕು.

ಎರಡು ಸಾಮಾನ್ಯ ತೊಂದರೆಗಳು

ಮೊದಲನೆಯದು ಮೂಳೆ ಮುರಿತ. ಮರಿಗಳ ಮೂಳೆ ಬೇಗ ಕೂಡುತ್ತದೆ. ನಾಲ್ಕಾರು ವಾರಗಳು ಸಾಕಾಗಬಹುದು. ಬೆಳೆದ ನಾಯಿಗೆ ಸಾಮಾನ್ಯವಾಗಿ 8ರಿಂದ 12 ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಪೊಮೆರೇನಿಯನ್‌ನಂತಹ ಪುಟ್ಟ ತಳಿಗಳು ಸೋಫಾದಿಂದ ಅಥವಾ ತೋಳಿನಿಂದ ಜಿಗಿದು ಮುಂಗಾಲಿನ ಮೂಳೆ ಮುರಿದುಕೊಳ್ಳುವುದು ವಿಶೇಷ. ಅಲ್ಲಿನ ಮೂಳೆ ತೆಳು, ರಕ್ತಸಂಚಾರವೂ ಕಡಿಮೆ. ಬರಿಯ ಪ್ಲಾಸ್ಟರಿನಿಂದ ಅದು ಸರಿಯಾಗಿ ಕೂಡದೆ ಹೋಗುವ ಸಂಭವವಿರುವುದರಿಂದ ವೈದ್ಯರು ಲೋಹದ ಪಟ್ಟಿ ಕೂರಿಸಲು ಸಲಹೆ ನೀಡುತ್ತಾರೆ.

ಎರಡನೆಯದು ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು. ಲ್ಯಾಬ್ರಡಾರ್, ರಾಟ್‌ವೈಲರ್ ಮೊದಲಾದ ತಳಿಗಳಲ್ಲಿ ಇದು ಹೆಚ್ಚು. ಮನುಷ್ಯರಲ್ಲಿ ಆಟದ ನಡುವೆ ಒಮ್ಮೆಲೇ ಹರಿಯುವಂತೆ ನಾಯಿಗಳಲ್ಲಿ ಆಗುವುದು ಕಡಿಮೆ. ರಜ್ಜು ತಿಂಗಳುಗಟ್ಟಲೆ ಸಡಿಲವಾಗುತ್ತಾ ಬಂದು ಕೊನೆಗೊಂದು ದಿನ ಸಣ್ಣ ತಿರುವಿನಲ್ಲಿ ಹರಿಯುತ್ತದೆ. ನಾಯಿ ಬೆರಳ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಲ್ಲುವುದು, ಕೂರುವಾಗ ಆ ಕಾಲನ್ನು ಪಕ್ಕಕ್ಕೆ ಚಾಚುವುದು ಇದರ ಚಿಹ್ನೆಗಳು. ಕೆಲವು ವಾರಗಳಲ್ಲಿ ಕುಂಟು ತಾನಾಗಿಯೇ ತಗ್ಗಿದಂತೆ ಕಂಡರೂ ಮಂಡಿ ಒಳಗೆ ಜಾರುತ್ತಲೇ ಇರುತ್ತದೆ. ಮೃದ್ವಸ್ಥಿ ಸವೆದು ಸಂಧಿವಾತ ಬೇರೂರುತ್ತದೆ. ದೊಡ್ಡ ನಾಯಿಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮಾರ್ಗ. ಕೆಳಗಾಲಿನ ಮೂಳೆಯ ಮೇಲ್ಭಾಗವನ್ನು ಕತ್ತರಿಸಿ, ಅದರ ಇಳಿಜಾರನ್ನು ತಗ್ಗಿಸಿ ಪಟ್ಟಿ ಹಾಕುವ ವಿಧಾನ ಈಗ ಪ್ರಚಲಿತದಲ್ಲಿದೆ. ಒಂದು ಮಂಡಿಯ ರಜ್ಜು ಹರಿದ ನಾಯಿಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯೂ ಕೈಕೊಡುತ್ತದೆ ಎಂಬುದು ಗಮನಾರ್ಹ. ಆದ್ದರಿಂದ ಚಿಕಿತ್ಸೆಯಾದ ಬಳಿಕದ ಆರೈಕೆ ಎರಡೂ ಕಾಲುಗಳಿಗಾಗಿ.

ವಾರವಾರದ ಆರೈಕೆ

ಈ ಮುಂದಿನ ಕ್ರಮ ಶಸ್ತ್ರಚಿಕಿತ್ಸೆಯಾದ ನಾಯಿಗೆ ಸಾಮಾನ್ಯವಾಗಿ ಅನ್ವಯಿಸುವಂಥದು. ತಮ್ಮ ನಾಯಿಗೆ ಎಷ್ಟು, ಯಾವಾಗ ಎಂಬುದನ್ನು ಶಸ್ತ್ರವೈದ್ಯರೇ ನಿರ್ಧರಿಸಬೇಕು.

ಮೊದಲ ಮೂರು ದಿನ: ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಇಡುವುದರಿಂದ ಊತ ಇಳಿಯುತ್ತದೆ. ಹೊಲಿಗೆಯನ್ನು ನೆಕ್ಕದಂತೆ ಕುತ್ತಿಗೆಗೆ ಕೊಳವೆಯಾಕಾರದ ಪಟ್ಟಿ ಇರಲೇಬೇಕು.

ಎರಡನೆಯ ವಾರದವರೆಗೆ: ಕೋಣೆಯ ಒಂದು ಮೂಲೆಯನ್ನು ತಡೆಯಿಟ್ಟು ಪ್ರತ್ಯೇಕಿಸಿ ಅಲ್ಲಿಯೇ ಇರಿಸಬೇಕು. ಮಲಮೂತ್ರಕ್ಕಷ್ಟೇ ಹೊರಗೆ, ಅದೂ ಗಿಡ್ಡ ಹಗ್ಗದಲ್ಲಿ. ಹಿಂಗಾಲಿನ ಗಾಯವಾದರೆ ಹೊಟ್ಟೆಯ ಕೆಳಗೆ ಟವೆಲನ್ನು ಹಾಯಿಸಿ ಮೇಲಕ್ಕೆ ಹಿಡಿದರೆ ನಾಯಿಗೆ ಆಧಾರವಾಗುತ್ತದೆ. ವೈದ್ಯರು ಒಪ್ಪಿದರೆ ನಾಯಿಯನ್ನು ಪಕ್ಕಕ್ಕೆ ಮಲಗಿಸಿ ಕೀಲನ್ನು ನಿಧಾನವಾಗಿ ಮಡಿಸಿ ಬಿಡಿಸುವುದನ್ನು 10ರಿಂದ 15 ಸಲ, ದಿನಕ್ಕೆರಡು ಬಾರಿ ಮಾಡಬಹುದು. ಮುಖ ತಿರುಗಿಸಿತೆಂದರೆ ನೋವಾಯಿತೆಂದರ್ಥ, ಅಲ್ಲಿಗೇ ನಿಲ್ಲಿಸಬೇಕು.

ಮೂರರಿಂದ ಎಂಟನೆಯ ವಾರ: ಐದು ನಿಮಿಷದ ನಿಧಾನ ನಡಿಗೆಯಿಂದ ಆರಂಭಿಸಿ ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸುತ್ತಾ ಹೋಗಬಹುದು. ನಿಧಾನವಾಗಿ ನಡೆದರೆ ಮಾತ್ರ ನಾಯಿ ನೊಂದ ಕಾಲನ್ನೂ ಊರುತ್ತದೆ. ಓಡಿದರೆ ಮೂರು ಕಾಲಲ್ಲಿ ಓಡಿಬಿಡುತ್ತದೆ. ಕೂತು ಏಳಿಸುವ ಸರಳ ವ್ಯಾಯಾಮದಿಂದ ತೊಡೆಯ ಸ್ನಾಯು ಬಲಗೊಳ್ಳುತ್ತದೆ. ಹೊಲಿಗೆ ಒಣಗಿದ ಬಳಿಕ, ಸೌಲಭ್ಯವಿದ್ದಲ್ಲಿ ನೀರಿನೊಳಗಿನ ನಡಿಗೆ ಬಹಳ ಹಿತಕರ. ನೀರು ದೇಹದ ಭಾರವನ್ನು ಹೊರುವುದರಿಂದ ಕೀಲಿಗೆ ಒತ್ತಡ ಬೀಳದು.

ಎಂಟನೆಯ ವಾರದ ಸುಮಾರಿಗೆ: ಎಕ್ಸ್-ರೇ ತೆಗೆಸಿ ಮೂಳೆ ಕೂಡಿರುವುದು ಖಚಿತವಾದ ಮೇಲಷ್ಟೇ ಹಗ್ಗ ಬಿಚ್ಚುವ ಮಾತು. ಅಲ್ಲಿಯವರೆಗೆ ಓಟ, ನೆಗೆತ, ಚೆಂಡಾಟ, ಮತ್ತೊಂದು ನಾಯಿಯೊಡನೆ ಕುಸ್ತಿ ಯಾವುದೂ ಕೂಡದು. ವಾರಕ್ಕೊಮ್ಮೆ ಎರಡೂ ತೊಡೆಗಳ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಟ್ಟರೆ ಸ್ನಾಯು ಮರಳುತ್ತಿರುವುದು ಅಂಕೆಯಲ್ಲಿಯೇ ಕಾಣುತ್ತದೆ.

ಕಾಲಿಗೆ ಕಟ್ಟು ಹಾಕಿದ್ದರೆ ದಿನವೂ ಬೆರಳುಗಳನ್ನು ನೋಡಬೇಕು. ಬೆರಳು ಊದಿದರೆ, ತಣ್ಣಗಾದರೆ, ಕಟ್ಟಿನಿಂದ ದುರ್ವಾಸನೆ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದಲ್ಲಿ ಹೊರಗೆ ಹೋಗುವಾಗ ಕಟ್ಟಿಗೆ ಪ್ಲಾಸ್ಟಿಕ್ ಚೀಲ ಹಾಕಿ, ಮನೆಗೆ ಬಂದೊಡನೆ ತೆಗೆಯಬೇಕು. ಒದ್ದೆ ಕಟ್ಟಿನ ಕೆಳಗೆ ಚರ್ಮ ಕೊಳೆಯುತ್ತದೆ.

ಫ್ಲಾಟಿನ ನೆಲ, ಮೆಟ್ಟಿಲು ಮತ್ತು ಲಿಫ್ಟು

ನಮ್ಮ ಫ್ಲಾಟುಗಳ ನುಣುಪಾದ ಟೈಲ್ಸ್ ನೆಲ ಕೀಲುನೋವಿನ ನಾಯಿಗೆ ದೊಡ್ಡ ಶತ್ರು. ಕಾಲು ಜಾರಿದಾಗಲೆಲ್ಲ ರಜ್ಜುಗಳಿಗೆ ಎಳೆತವಾಗುತ್ತದೆ. ಮಲಗುವ ಜಾಗದಿಂದ ನೀರಿನ ಪಾತ್ರೆಯವರೆಗೂ ಬಾಗಿಲವರೆಗೂ ರಬ್ಬರಿನ ಅಥವಾ ನಾರಿನ ಜಮಖಾನೆ ಹಾಸಿದರೆ ಸಾಕು. ಉಗುರನ್ನೂ ಪಾದದಡಿಯ ಕೂದಲನ್ನೂ ಕತ್ತರಿಸುತ್ತಿರಬೇಕು. ಹಾಸಿಗೆ ಮೆತ್ತಗಿದ್ದು, ತಣ್ಣನೆಯ ನೆಲಕ್ಕೆ ತಾಗದಂತಿರಲಿ.

ಮೆಟ್ಟಿಲು ಹತ್ತಲಾಗದ ನಾಯಿಗೆ ಲಿಫ್ಟು ಅನಿವಾರ್ಯ. ಕೆಲವು ಹೌಸಿಂಗ್ ಸೊಸೈಟಿಗಳಲ್ಲಿ ಇದಕ್ಕೆ ಆಕ್ಷೇಪ ಬರುವುದುಂಟು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಾಕುಪ್ರಾಣಿಗಳಿಗೆ ಲಿಫ್ಟಿನ ಬಳಕೆಯನ್ನು ನಿರಾಕರಿಸುವುದಾಗಲಿ ಅದಕ್ಕೆ ಪ್ರತ್ಯೇಕ ಶುಲ್ಕ ವಿಧಿಸುವುದಾಗಲಿ ಸಲ್ಲದು. ವೈದ್ಯರ ಚೀಟಿಯೊಂದನ್ನು ಜೊತೆಗಿಟ್ಟು ನೆರೆಹೊರೆಯವರಿಗೆ ಸೌಜನ್ಯದಿಂದ ವಿವರಿಸಿದರೆ ವಾದಕ್ಕೆ ಎಡೆಯಿರದು.

ಆಹಾರ ಮತ್ತು ತೂಕ

ಕೀಲುಗಳ ರಕ್ಷಣೆಗೆ ಅತ್ಯಂತ ಪರಿಣಾಮಕಾರಿಯಾದ ಉಪಾಯ ಮಿತ ಆಹಾರ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿತನದಿಂದ ಜೀವಮಾನವಿಡೀ ಗಮನಿಸಲಾಯಿತು. ಅರ್ಧದಷ್ಟು ನಾಯಿಗಳಿಗೆ ಅವುಗಳ ಜೋಡಿ ನಾಯಿಗಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಡಲಾಗಿತ್ತು. ಕಡಿಮೆ ತಿಂದ ನಾಯಿಗಳಲ್ಲಿ ಸಂಧಿವಾತ ತಡವಾಗಿ ಕಾಣಿಸಿತು. ಅವು ಸುಮಾರು 1.8 ವರ್ಷ ಹೆಚ್ಚು ಬದುಕಿದವು. ಯಾವ ದುಬಾರಿ ಔಷಧವೂ ಇಷ್ಟು ಲಾಭ ಕೊಡುವುದು ವಿರಳ.

ಬೆರಳಾಡಿಸಿದರೆ ಪಕ್ಕೆಲುಬುಗಳು ಸುಲಭವಾಗಿ ಕೈಗೆ ತಾಗಬೇಕು. ಮೇಲಿನಿಂದ ನೋಡಿದರೆ ಸೊಂಟದ ಇಳುಕು ಕಾಣಬೇಕು. ವಿಶ್ರಾಂತಿಯ ವಾರಗಳಲ್ಲಿ ನಾಯಿಗೆ ಖರ್ಚು ಕಡಿಮೆಯಾದ್ದರಿಂದ ಆಹಾರವೂ ಕಡಿಮೆಯಾಗಬೇಕು. ಪಾಪ, ನೋವಿನಲ್ಲಿದೆ ಎಂದು ಅಜ್ಜಿ ಒಂದು, ಮಕ್ಕಳೊಂದು ಬಿಸ್ಕತ್ತು, ಮೇಲೆ ತುಪ್ಪದ ಚಪಾತಿ ಎಂದು ಕೊಡುವ ಪ್ರೀತಿ ಕೊನೆಗೆ ಕೀಲಿನ ಮೇಲೆಯೇ ಭಾರವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಗೆ ವಿಷಕರವೆಂಬುದೂ ನೆನಪಿರಲಿ.

ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳಿಂದ ಸಂಧಿವಾತದ ನೋವು ಸ್ವಲ್ಪ ತಗ್ಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಗ್ಲೂಕೋಸಮೈನ್ ಪೂರಕಗಳ ಬಗ್ಗೆ ಫಲಿತಾಂಶಗಳು ಮಿಶ್ರವಾಗಿವೆ. ದೊಡ್ಡ ತಳಿಯ ಮರಿಗೆ ಎಲುಬು ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಸಿರಪ್ಪು ಸುರಿಯುವ ಅಭ್ಯಾಸವಂತೂ ಅಪಾಯಕರ. ಸಮತೋಲ ಆಹಾರದ ಮೇಲೆ ಕ್ಯಾಲ್ಸಿಯಂ ಹೆಚ್ಚಾದರೆ ಮೂಳೆ ವಕ್ರವಾಗಿ ಬೆಳೆಯುವ ಸಂಭವವಿದೆ.

ತಳಿಯ ವಿಚಾರ

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ದೋಷ ವಂಶಪಾರಂಪರ್ಯವಾಗಿ ಬರುತ್ತದೆ. ಮರಿ ಕೊಳ್ಳುವಾಗ ತಂದೆ ತಾಯಿಗಳ ಸೊಂಟದ ಎಕ್ಸ್-ರೇ ಕೇಳುವುದು ಉತ್ತಮ. ಪುಟ್ಟ ತಳಿಗಳಲ್ಲಿ ಮಂಡಿಚಿಪ್ಪು ಜಾರುವುದು ಸಾಮಾನ್ಯ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯದು ಹಗುರ ಮೈಕಟ್ಟು. 2005ರಲ್ಲಿ ಅಂಚೆ ಇಲಾಖೆ ಹೊರತಂದ ಭಾರತೀಯ ತಳಿಗಳ ಅಂಚೆಚೀಟಿಗಳಲ್ಲಿ ಸ್ಥಾನ ಪಡೆದ ಈ ತಳಿ ಬಯಲಿನಲ್ಲಿ ಓಡಿ ಬೇಟೆಯಾಡಲೆಂದೇ ರೂಪುಗೊಂಡದ್ದು. ಎರಡು ಕೋಣೆಯ ಮನೆಯಲ್ಲಿ ದಿನವಿಡೀ ಕಟ್ಟಿಹಾಕಿ, ಭಾನುವಾರ ಮಾತ್ರ ಬಿಟ್ಟು ಓಡಿಸಿದರೆ ಗಾಯ ತಪ್ಪಿದ್ದಲ್ಲ. ಯಾವ ತಳಿಯಾದರೂ ದಿನನಿತ್ಯದ ಮಿತ ನಡಿಗೆಯೇ ಕೀಲಿಗೆ ಹಿತ.

ಚಿಕಿತ್ಸೆ ದೊರೆಯುವ ಕೆಲವು ತಾಣಗಳು

ಮುಂಬಯಿಯ ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ 1886ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜೂ ಇವೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ತೆರೆಯಿತು. ಚೆನ್ನೈಯ ವೇಪೇರಿಯಲ್ಲಿರುವ ಮದ್ರಾಸ್ ಪಶುವೈದ್ಯಕೀಯ ಕಾಲೇಜು 1903ರಿಂದ ನಡೆಯುತ್ತಿದೆ. ಹೈದರಾಬಾದಿನವರಿಗೆ ರಾಜೇಂದ್ರನಗರದ ಪಶುವೈದ್ಯಕೀಯ ಕಾಲೇಜೂ ಊರಿಗೆ ಹೋದಾಗ ತೋರಿಸಬಯಸುವವರಿಗೆ ಬೆಂಗಳೂರಿನ ಹೆಬ್ಬಾಳದ ಕಾಲೇಜೂ ಇವೆ. ಮೂಳೆಯ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಒಟ್ಟು ಖರ್ಚು ಎಷ್ಟು, ಮರುಪರೀಕ್ಷೆ ಎಷ್ಟು ಸಲ, ಮನೆಯಲ್ಲಿ ಎಷ್ಟು ವಾರ ಯಾರು ನೋಡಿಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳನ್ನು ವೈದ್ಯರಲ್ಲಿ ಸ್ಪಷ್ಟವಾಗಿ ಕೇಳಿ ತಿಳಿಯಬೇಕು.

ಇವುಗಳಲ್ಲಿ ಮೂರನೆಯ ಪ್ರಶ್ನೆಯೇ ಮುಖ್ಯವಾದುದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಎಂಟು ವಾರಗಳ ಸರದಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು. ಹಗ್ಗ ಯಾವಾಗ ಬಿಚ್ಚಬೇಕೆಂಬುದನ್ನು ನಾಯಿಯ ಉತ್ಸಾಹವಾಗಲಿ ಮಕ್ಕಳ ಒತ್ತಾಯವಾಗಲಿ ನಿರ್ಧರಿಸಬಾರದು; ಎಕ್ಸ್-ರೇ ನೋಡಿದ ವೈದ್ಯರು ನಿರ್ಧರಿಸಲಿ.