ಔನ್ಸಿನ ರೂಪಾಯಿ ಲೆಕ್ಕ: ಯುದ್ಧಾನಂತರದ ವ್ಯಾಪಾರ ಕುಸಿತ ಮತ್ತು ಕೋಲಾರದ ಗಣಿ ದುಡಿಮೆ

ಮೊದಲ ಮಹಾಯುದ್ಧ ಮುಗಿದ ಮೇಲೆ, 1920–21ರಲ್ಲಿ ಬಂದ ವ್ಯಾಪಾರ ಕುಸಿತ ಮೈಸೂರು ಸಂಸ್ಥಾನದ ಕೂಲಿಗಾರರಿಗೆ ಏನು ಮಾಡಿತು? ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಸರಕಿಗೆ ಗಿರಾಕಿ ಇಲ್ಲ, ಹಾಗಾಗಿ ಕೆಲಸವಿಲ್ಲ, ಇದ್ದರೂ ಕೂಲಿ ಕಡಿಮೆ. ಬೆಂಗಳೂರಿನ ಬಟ್ಟೆ ಗಿರಣಿಗಳ ಮಟ್ಟಿಗೆ ಈ ತರ್ಕವನ್ನು ಒಪ್ಪಬಹುದು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಕೋಲಾರದ ಚಿನ್ನದ ಗಣಿಯನ್ನೂ ಈ ಗಿರಣಿಗಳನ್ನೂ ಜೊತೆಗಿಟ್ಟು ನೋಡಿದ ಮುಖ್ಯ ಕೃತಿ. ಗಣಿಗಳ ಮೇಲೆ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತ, ಉತ್ತರ ಆರ್ಕಾಟು ಮತ್ತು ಚಿತ್ತೂರು ಕಡೆಯಿಂದ ಬಂದ ದಲಿತ ಕೂಲಿಗಾರರು, ಗುತ್ತಿಗೆದಾರರ ಹಿಡಿತ, ಲೈನು ಮನೆಗಳ ಬದುಕು ಇವುಗಳ ಬಗ್ಗೆ ಈಗ ಹೆಚ್ಚು ತಕರಾರಿಲ್ಲ. ನನ್ನ ತಕರಾರು ಕಾಲಗಣನೆಯದು. ಹೀಗೆ ಜೊತೆಗಿಟ್ಟು ಓದುವವರು ಗಿರಣಿಯ ಪಂಚಾಂಗವನ್ನೇ ಗಣಿಗೂ ಹಚ್ಚಿಬಿಡುತ್ತಾರೆ. ಚಿನ್ನ ಗಿರಾಕಿಗಾಗಿ ಕಾಯುವ ಸರಕಲ್ಲ. ಎಲ್ಲದರ ಬೆಲೆ ಇಳಿದಾಗ ಅದರ ಕೊಳ್ಳುವ ಶಕ್ತಿ ಏರುತ್ತದೆ.

ಇದನ್ನು ರೂಪಾಯಿಗಿಳಿಸಿ ನೋಡಬೇಕು. ಗಣಿಯ ಬಟವಾಡೆ ನಡೆಯುತ್ತಿದ್ದುದು ರೂಪಾಯಿಯಲ್ಲಿ. ಯುದ್ಧಕ್ಕೆ ಮುಂಚೆ ಲಂಡನ್ನಿನಲ್ಲಿ ಒಂದು ಔನ್ಸ್ ಅಪ್ಪಟ ಚಿನ್ನಕ್ಕೆ ಸುಮಾರು 85 ಶಿಲಿಂಗ್, ರೂಪಾಯಿಗೆ 1 ಶಿಲಿಂಗ್ 4 ಪೆನ್ನಿ. ಅಂದರೆ ಔನ್ಸಿಗೆ 63 ರೂಪಾಯಿ ಚಿಲ್ಲರೆ. 1919ರಲ್ಲಿ ಪೌಂಡು ಚಿನ್ನದ ಕಟ್ಟು ಬಿಟ್ಟಿತು, ಚಿನ್ನದ ದರ ಏರುತ್ತಾ ಹೋಗಿ 1920ರ ಫೆಬ್ರುವರಿಯಲ್ಲಿ 127 ಶಿಲಿಂಗ್ ಮುಟ್ಟಿತು. ಗಣಿಗೆ ಸುಗ್ಗಿ ಎಂದುಕೊಳ್ಳಬೇಕು. ಆದರೆ ಅದೇ ತಿಂಗಳು ರೂಪಾಯಿಯೂ 2 ಶಿಲಿಂಗ್ 8 ಪೆನ್ನಿಗಿಂತ ಮೇಲಕ್ಕೆ ಜಿಗಿದಿತ್ತು. ಭಾಗಿಸಿ ನೋಡಿದರೆ ಔನ್ಸಿಗೆ 48 ರೂಪಾಯಿಯೂ ಬೀಳುವುದಿಲ್ಲ. ಲಂಡನ್ನಿನ ದರ ತುತ್ತತುದಿಯಲ್ಲಿದ್ದಾಗ ಕೋಲಾರದ ಲೆಕ್ಕದಲ್ಲಿ ಚಿನ್ನ ಯುದ್ಧಪೂರ್ವಕ್ಕಿಂತ ಅಗ್ಗವಾಗಿತ್ತು. ಅದೂ ಯುದ್ಧಕಾಲದ ತುಟ್ಟಿ ಇನ್ನೂ ಇಳಿಯದಿದ್ದಾಗ. ಮರುವರ್ಷ ಜಗತ್ತಿನ ವ್ಯಾಪಾರ ನೆಲಕಚ್ಚಿತು, ರೂಪಾಯಿ ಮತ್ತೆ 1 ಶಿಲಿಂಗ್ 4 ಪೆನ್ನಿಯ ಆಸುಪಾಸಿಗೆ ಕುಸಿಯಿತು. ಚಿನ್ನ ಮಾತ್ರ 105 ಶಿಲಿಂಗಿನ ಸುತ್ತ ನಿಂತಿತ್ತು. ಔನ್ಸಿಗೆ 78 ರೂಪಾಯಿ! ಗಿರಣಿಗೆ ಕೇಡುಗಾಲವಾದದ್ದು ಗಣಿ ಕಂಪನಿಗಳಿಗೆ, ಕನಿಷ್ಠ ಈ ಲೆಕ್ಕದಲ್ಲಿ, ಉಸಿರಾಡುವ ಬಿಡುವು. ಅವಕ್ಕೆ ಕುತ್ತಿಗೆ ಬಿಗಿದದ್ದು ಬೇರೆಡೆ ಚೇತರಿಕೆ ಕಂಡ ಮೇಲೆ: 1925ರಲ್ಲಿ ಪೌಂಡು ಹಳೆಯ ದರಕ್ಕೆ ಮರಳಿತು, 1927ರ ಕಾಯಿದೆ ರೂಪಾಯಿಯನ್ನು 1 ಶಿಲಿಂಗ್ 6 ಪೆನ್ನಿಗೆ ಕಟ್ಟಿತು, ಔನ್ಸು 56 ರೂಪಾಯಿ ಚಿಲ್ಲರೆಗೆ ಇಳಿಯಿತು.

ಈ ಮಾತನ್ನು ಎಷ್ಟು ದೂರ ಎಳೆಯಬಹುದು? ಹೆಚ್ಚು ದೂರವಲ್ಲ. ಕಂಪನಿಗಳು ಲಂಡನ್ನಿನವು, ಲಾಭಾಂಶ ಹಂಚುತ್ತಿದ್ದುದು ಪೌಂಡಿನಲ್ಲಿ. ಯಂತ್ರಕ್ಕೆ, ಸಿಡಿಮದ್ದಿಗೆ ಕೊಟ್ಟದ್ದರಲ್ಲೂ ದೊಡ್ಡ ಪಾಲು ಪೌಂಡೇ. ರೂಪಾಯಿ ಲೆಕ್ಕ ಕೂಲಿಯ ಮಟ್ಟಿಗೆ ಸರಿ, ಇಡೀ ಖರ್ಚಿಗಲ್ಲ. ಉತ್ಪಾದನೆ 1905ರಲ್ಲೇ ಶಿಖರ ಮುಟ್ಟಿತ್ತು. ಷಾಫ್ಟುಗಳು ಆಳಕ್ಕಿಳಿದಂತೆ ಬಂಡೆ ಸಿಡಿತವೂ ತೆಗೆತದ ಖರ್ಚೂ ಏರಿದವು. ರೂಪಾಯಿಯ ವಿನಿಮಯ ದರ ಹೇಗಿದ್ದರೂ ಈ ಒತ್ತಡ ಇದ್ದೇ ಇತ್ತು ಎಂದು ಯಾರಾದರೂ ವಾದಿಸಿದರೆ ಒಪ್ಪುತ್ತೇನೆ. ಆದರೆ ಆಳ ಒಂದೇ ದಿಕ್ಕಿಗೆ ಬೆಳೆಯುವಂಥದು, ಏರಿಳಿತಕ್ಕೆ ಅದು ಉತ್ತರವಾಗದು. ಇನ್ನು ಕಂಪನಿಗೆ ಸಿಕ್ಕ ಬಿಡುವು ಕೂಲಿಗಾರನ ಕೈಗೆ ಬಂತೆಂದು ಇದರಿಂದ ತೀರ್ಮಾನಿಸಲಾಗದು. ನಡುವೆ ಗುತ್ತಿಗೆದಾರನಿದ್ದ.

ಗಣಿಗಳಲ್ಲಿ ನಡೆದ 1930ರ ಏಪ್ರಿಲ್ ಮುಷ್ಕರ ನನ್ನ ಲೆಕ್ಕಕ್ಕೂ ಎಚ್ಚರಿಕೆಯೇ. ಚಿನ್ನ ಆಗ 56 ರೂಪಾಯಿಯ ಇಕ್ಕಟ್ಟಿನಲ್ಲಿತ್ತು, ಜಾಗತಿಕ ಕುಸಿತವೂ ಆರಂಭವಾಗಿತ್ತು. ಎರಡರಲ್ಲಿ ಒಂದನ್ನು ಕಾರಣವೆನ್ನಲು ಮನಸ್ಸಾಗುತ್ತದೆ. ಆದರೆ ಸುಮಾರು ಮೂರು ವಾರ ಗಣಿ ನಿಂತದ್ದು ಕೂಲಿಗಾರರ ಹೆಬ್ಬೆರಳಿನ ಗುರುತು ದಾಖಲಿಸುವುದನ್ನು ವಿರೋಧಿಸಿ. ಗುರುತು ದಫ್ತರಕ್ಕೆ ಸೇರಿದರೆ ಒಂದು ಗಣಿಯಿಂದ ಹೊರಬಿದ್ದವನು ಹೆಸರು ಬದಲಿಸಿ ಇನ್ನೊಂದರ ಗೇಟು ದಾಟುವಂತಿಲ್ಲ. ಕೂಲಿಗಾರನಿಗೆ ಉಳಿದಿದ್ದ ಸ್ವಾತಂತ್ರ್ಯ ಬಹುಶಃ ಅಷ್ಟೇ. ಯಾವ ಬೆಲೆಪಟ್ಟಿಯಲ್ಲೂ ಅದು ಕಾಣದು.

ಜಿಲ್ಲೆಯ ಉಳಿದ ಭಾಗದ ಕಥೆ ತಿರುಗುಮುರುಗು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರಾಗಿ ಬೆಳೆಗಾರನಿಗೂ ರೇಷ್ಮೆ ಗೂಡು ಮಾರುವವನಿಗೂ 1930ರ ಕುಸಿತ ನೇರ ಏಟು. ಅಗ್ಗದ ವಿದೇಶಿ ರೇಷ್ಮೆಗೆ 1934ರಲ್ಲಿ ರಕ್ಷಣಾ ಸುಂಕ ಬಂದದ್ದು ಅದಕ್ಕೇ. ಇತ್ತ 1931ರ ಸೆಪ್ಟೆಂಬರಿನಲ್ಲಿ ಪೌಂಡು ಮತ್ತೆ ಚಿನ್ನವನ್ನು ಕೈಬಿಟ್ಟು, 1935ರ ವೇಳೆಗೆ ಔನ್ಸು 140 ಶಿಲಿಂಗ್, ಅಂದರೆ 93 ರೂಪಾಯಿ ದಾಟಿತ್ತು. ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬದ ಎರಡು ಬದಿಯಲ್ಲಿ ಎರಡು ಕಾಲಮಾನ. ಎರಡೂ ಸಂಧಿಸುವುದು ಸಂತೆಯಲ್ಲಿ: ಅಗ್ಗವಾದ ರಾಗಿ ಬೆಳೆದವನ ನಷ್ಟ, ಬಟವಾಡೆಯ ದುಡ್ಡಲ್ಲಿ ಕೊಂಡವನ ಉಳಿತಾಯ. ಆ ಉಳಿತಾಯ ಎಷ್ಟೆಂಬುದು ಸುರಂಗದ ಅಡಿ ಲೆಕ್ಕದ ಗುತ್ತಿಗೆ ದರವನ್ನೂ ಸಂತೆಯ ಧಾರಣೆಯನ್ನೂ ತಿಂಗಳು ತಿಂಗಳಾಗಿ ಎದುರುಬದುರು ಇಟ್ಟ ಮೇಲಷ್ಟೇ ತೀರ್ಮಾನವಾಗಬೇಕು. ಕಂಪನಿಗಳಿಗೆ ನಿಜವಾಗಿ ದಕ್ಕಿದ ದರ ಲಂಡನ್ನಿನ ಪೇಟೆಯ ದರವೇ ಎಂಬುದೂ ಇನ್ನೂ ತೀರ್ಮಾನವಾಗಬೇಕು.