ಅಗಾತೆ ಬಾಕರ್ ಗ್ರೋನ್‌ಡಾಲ್ (1847–1907): ನಾರ್ವೆಯ ಪಿಯಾನೊ ವಾದಕಿ

ನಾರ್ವೆಯ ಸಂಗೀತ ಎಂದೊಡನೆ ಎಡ್ವರ್ಡ್ ಗ್ರೀಗ್ ಒಬ್ಬರದೇ ಹೆಸರು ಹೊರಗಿನವರ ನಾಲಿಗೆಗೆ ಬರುತ್ತದೆ. ಗ್ರೀಗ್ ಅವರ ಕಾಲದಲ್ಲಿ, ಅವರದೇ ಊರುಗಳಲ್ಲಿ, ಅವರ ಸ್ನೇಹದಲ್ಲಿಯೇ ಇದ್ದು, ಪಿಯಾನೊ ವಾದನದಲ್ಲಿ ಯುರೋಪಿನ ಮೊದಲ ಸಾಲಿನಲ್ಲಿ ಎಣಿಸಲ್ಪಟ್ಟ ಒಬ್ಬ ಹೆಣ್ಣುಮಗಳಿದ್ದರು. ಅಗಾತೆ ಬಾಕರ್ ಗ್ರೋನ್‌ಡಾಲ್ ಎಂದು ಅವರ ಹೆಸರು. ಸಂಗೀತದಲ್ಲಿ ಆಸಕ್ತಿಯುಳ್ಳ ನಮ್ಮ ಸದಸ್ಯರಿಗಾಗಿ ಅವರ ಬದುಕಿನ ಪರಿಚಯ ಇಲ್ಲಿದೆ.

ಅಗಾತೆ ಹುಟ್ಟಿದ್ದು 1847ರ ಡಿಸೆಂಬರ್ 1ರಂದು, ಹೋಲ್ಮೆಸ್ಟ್ರಾಂಡ್ ಎಂಬ ಸಣ್ಣ ಕಡಲತೀರದ ಪಟ್ಟಣದಲ್ಲಿ. ತಂದೆ ನಿಲ್ಸ್ ಬಾಕರ್, ತಾಯಿ ಸೋಫಿ. ನಾಲ್ವರೂ ಹೆಣ್ಣುಮಕ್ಕಳೇ, ಅಗಾತೆ ಎರಡನೆಯವರು. ಹಿರಿಯಕ್ಕ ಹ್ಯಾರಿಯೆಟ್ ಬಾಕರ್ ಮುಂದೆ ನಾರ್ವೆಯ ಬಹುದೊಡ್ಡ ಚಿತ್ರಕಾರರಲ್ಲಿ ಒಬ್ಬರಾದರು. ಒಂದೇ ಮನೆಯಿಂದ ಇಬ್ಬರು ಅಕ್ಕತಂಗಿಯರು ಎರಡು ಬೇರೆ ಕಲೆಗಳಲ್ಲಿ ಇಷ್ಟು ಎತ್ತರಕ್ಕೆ ಏರಿದ್ದು ಆ ಕಾಲಕ್ಕಂತೂ ಅಪರೂಪವೇ. 1857ರಲ್ಲಿ ಕುಟುಂಬ ರಾಜಧಾನಿ ಕ್ರಿಸ್ಟಿಯಾನಿಯಕ್ಕೆ, ಅಂದರೆ ಇಂದಿನ ಓಸ್ಲೊಗೆ, ಬಂದು ನೆಲೆಸಿತು.

ಆಗಿನ ನಾರ್ವೆಯ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. 1814ರವರೆಗೆ ಡೆನ್ಮಾರ್ಕಿನ ಅಧೀನ, ಅಲ್ಲಿಂದ 1905ರವರೆಗೆ ಸ್ವೀಡನ್ ದೊರೆಯ ಕೆಳಗೆ. ಓದುವ ಬರೆಯುವ ಭಾಷೆ ಡ್ಯಾನಿಶ್, ಮನೆಯ ಮಾತು ಬೇರೆ. (ಗಡಿಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಆದ್ದರಿಂದ ಅಲ್ಲಿನ ವಿದ್ಯಾವಂತರು ಹಳ್ಳಿಯ ಹಾಡುಗಳಲ್ಲಿ ತಮ್ಮತನವನ್ನು ಹುಡುಕತೊಡಗಿದ್ದರು. ಅಗಾತೆಗೆ ಪಾಠ ಹೇಳಿದವರಲ್ಲಿ ಒಬ್ಬರಾದ ಲುಡ್ವಿಗ್ ಮಥಿಯಾಸ್ ಲಿಂಡೆಮಾನ್ ಕಣಿವೆ ಕಣಿವೆ ಅಲೆದು ಜನಪದ ಧಾಟಿಗಳನ್ನು ಬರೆದುಕೊಂಡು ಬಂದವರು. ಇನ್ನೊಬ್ಬರು ಹಾಲ್ಫ್‌ದಾನ್ ಕ್ಯೆರುಲ್ಫ್, ಭಾವಗೀತೆಗಳಿಗೆ ಸ್ವರ ಹಾಕುವುದರಲ್ಲಿ ಹೆಸರಾದವರು. ಮೂರನೆಯವರು ಒಟ್ಟೊ ವಿಂಟರ್-ಯೆಲ್ಮ್. ಗುರುಗಳೇನೋ ಒಳ್ಳೆಯವರೇ ಸಿಕ್ಕಿದರು. ಆದರೆ ಪಿಯಾನೊವನ್ನು ವೃತ್ತಿಯಾಗಿ ಕಲಿಯಲು ದೇಶದಲ್ಲಿ ಒಂದು ಸಂಗೀತ ಕಾಲೇಜು ಇರಲಿಲ್ಲ. ಮುಂದಕ್ಕೆ ಕಲಿಯಬೇಕೆಂದರೆ ಜರ್ಮನಿಗೆ ಹೋಗಲೇಬೇಕು.

ಹದಿನೆಂಟು ತುಂಬುವ ಹೊತ್ತಿಗೆ, 1865ರಲ್ಲಿ, ಅಗಾತೆ ಬರ್ಲಿನ್‌ಗೆ ಹೋದರು. ಹೆಣ್ಣುಮಗಳು ಒಬ್ಬಳೇ ಪರದೇಶಕ್ಕೆ ಹೋಗುವ ಕಾಲವಲ್ಲ. ಅಕ್ಕ ಹ್ಯಾರಿಯೆಟ್ ಜೊತೆಗೆ ಹೋದರು. ತಂಗಿಯ ಕಾವಲಿಗೆಂದು ಹೋದ ಅಕ್ಕ ಗ್ಯಾಲರಿಗಳಲ್ಲಿ ಕೂತು ಹಳೆಯ ಚಿತ್ರಗಳನ್ನು ನಕಲು ಮಾಡುತ್ತ ತನ್ನ ಕಲಿಕೆಯನ್ನೂ ಸಾಗಿಸಿದರು. ಒಬ್ಬಳ ಪ್ರಯಾಣದ ಖರ್ಚಿನಲ್ಲಿ ಇಬ್ಬರ ವಿದ್ಯೆ! ಬರ್ಲಿನ್‌ನಲ್ಲಿ ಥಿಯೊಡೊರ್ ಕುಲ್ಲಾಕ್ ಅವರ ಬಳಿ ಪಿಯಾನೊ, ರಿಚರ್ಡ್ ವ್ಯೂರ್ಸ್ಟ್ ಅವರ ಬಳಿ ಸ್ವರಸಂಯೋಜನೆ ಎರಡು ವರ್ಷ ನಡೆಯಿತು. ಬೀಥೋವನ್‌ರ ಐದನೆಯ ಪಿಯಾನೊ ಕಾನ್ಸರ್ಟೊ, 'ಎಂಪರರ್' ಎಂದು ಪ್ರಸಿದ್ಧವಾದದ್ದು, ಅಗಾತೆಗೆ ಮೊದಲ ಹೆಸರು ತಂದಿತು.

1868ರಲ್ಲಿ ಕ್ರಿಸ್ಟಿಯಾನಿಯದಲ್ಲಿ ಅವರ ಮೊದಲ ದೊಡ್ಡ ಕಚೇರಿ. ವಾದ್ಯವೃಂದವನ್ನು ನಡೆಸಿದವರು ಇಪ್ಪತ್ತೈದರ ಆಸುಪಾಸಿನ ಯುವಕ ಗ್ರೀಗ್. ಅಲ್ಲಿಂದ ಶುರುವಾದ ಸ್ನೇಹ ಇಬ್ಬರೂ ಬದುಕಿರುವವರೆಗೂ ಉಳಿಯಿತು. ಪ್ರಸಿದ್ಧ ಪಿಟೀಲು ವಾದಕ ಓಲೆ ಬುಲ್ ಅವರ ಶಿಫಾರಸಿನಿಂದ 1871ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಹಾನ್ಸ್ ಫಾನ್ ಬ್ಯೂಲೊ ಅವರಲ್ಲಿ ಪಾಠ ದೊರೆಯಿತು. ಅದೇ ವರ್ಷ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ನುಡಿಸಿದರು. 1873ರಲ್ಲಿ ವೈಮಾರ್‌ಗೆ ಹೋಗಿ ಫ್ರಾಂಜ್ ಲಿಸ್ಟ್ ಅವರ ಶಿಷ್ಯೆಯಾದರು. ಪಿಯಾನೊ ಲೋಕದಲ್ಲಿ ಇದಕ್ಕಿಂತ ದೊಡ್ಡ ಗುರುಮನೆ ಆಗ ಇರಲಿಲ್ಲ.

1875ರಲ್ಲಿ ಗಾಯನ ಶಿಕ್ಷಕರೂ ಗಾಯಕವೃಂದದ ನಿರ್ದೇಶಕರೂ ಆಗಿದ್ದ ಓಲಾಸ್ ಆಂಡ್ರಿಯಾಸ್ ಗ್ರೋನ್‌ಡಾಲ್ ಅವರೊಂದಿಗೆ ಮದುವೆ. ಮಕ್ಕಳಾದರು. ಒಬ್ಬ ಮಗ ಫ್ರಿತ್ಯೋಫ್ (1885–1959) ತಾಯಿಯ ಹಾದಿಯನ್ನೇ ಹಿಡಿದು ಪಿಯಾನೊ ವಾದಕರಾದರು, ತಾಯಿಯ ಕೃತಿಗಳನ್ನು ಊರೂರಿಗೆ ಕೊಂಡೊಯ್ದರು. ಮದುವೆಯಾದ ಮೇಲೆ ಹೆಣ್ಣು ವೇದಿಕೆ ಬಿಡುವುದು ಆ ಕಾಲದ ವಾಡಿಕೆ. ಅಗಾತೆ ಬಿಡಲಿಲ್ಲ. ಮನೆ, ಪಾಠ, ಕಚೇರಿ, ಸ್ವರಸಂಯೋಜನೆ ನಾಲ್ಕನ್ನೂ ಹೊತ್ತುಕೊಂಡರು. ಅಕ್ಕ ಹ್ಯಾರಿಯೆಟ್ ಮದುವೆಯಾಗದೆ ಪ್ಯಾರಿಸ್‌ನಲ್ಲಿ ಹತ್ತು ವರ್ಷ ಇದ್ದು ಚಿತ್ರ ಬರೆದರು. ಇಬ್ಬರಲ್ಲಿ ಯಾರ ದಾರಿ ಸುಲಭವಿತ್ತೋ ಹೇಳುವುದು ಕಷ್ಟ. ಹ್ಯಾರಿಯೆಟ್‌ರ ಚಿತ್ರಗಳಲ್ಲಿ ಮಾತ್ರ ಕಿಟಕಿಯ ಬೆಳಕಿನಲ್ಲಿ ಪಿಯಾನೊ ಮುಂದೆ ಕುಳಿತ ಹೆಂಗಸರು ಮತ್ತೆ ಮತ್ತೆ ಬರುತ್ತಾರೆ.

ಅಗಾತೆಯವರ ಕೀರ್ತಿ ಉತ್ತುಂಗಕ್ಕೆ ಏರಿದ್ದು 1889–90ರಲ್ಲಿ, ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ. ನಾಟಕಕಾರ ಬರ್ನಾರ್ಡ್ ಷಾ ಆಗಿನ್ನೂ ನಾಟಕಗಳಿಗೆ ಹೆಸರಾಗಿರಲಿಲ್ಲ. 'ದಿ ಸ್ಟಾರ್' ಪತ್ರಿಕೆಗೆ ಗುಪ್ತನಾಮದಲ್ಲಿ ಸಂಗೀತ ವಿಮರ್ಶೆ ಬರೆಯುತ್ತಿದ್ದರು. ಯಾರನ್ನೂ ಸುಮ್ಮನೆ ಹೊಗಳುವ ಜಾಯಮಾನ ಅವರದಲ್ಲ, ದೊಡ್ಡ ದೊಡ್ಡವರನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರು. ಅಂಥವರು ಅಗಾತೆಯವರ ವಾದನ ಕೇಳಿ ಮನಸಾರೆ ಮೆಚ್ಚಿ, ಶತಮಾನದ ಅತ್ಯಂತ ದೊಡ್ಡ ಪಿಯಾನೊ ಕಲಾವಿದರ ಸಾಲಿನಲ್ಲಿ ಅವರನ್ನು ನಿಲ್ಲಿಸಿದರು. ಭೇಟಿಯಾಗಿ ಮಾತಾಡಿದ್ದನ್ನೂ ಷಾ ಬರೆದಿದ್ದಾರೆ. ಹೆಂಡತಿಯಾಗಿ, ತಾಯಿಯಾಗಿ ಕಂಡುಂಡ ಅನುಭವವೇ ತಮ್ಮನ್ನು ಕಲಾವಿದೆಯಾಗಿ ಮಾಡಿದೆ ಎಂಬ ಅರ್ಥದ ಉತ್ತರ ಕೊಟ್ಟು ಅಗಾತೆ ಆ ಮಾತಿನ ಮಲ್ಲನನ್ನೇ ಸುಮ್ಮನಾಗಿಸಿದರಂತೆ.

ಪಿಯಾನೊ ಬಗ್ಗೆ ಒಂದು ಮಾತು. ನಮ್ಮಲ್ಲಿ ಹಾರ್ಮೋನಿಯಂ, ಸೊಲ್ಲಾಪುರ ಕಡೆಯವರು ಹೇಳುವ ಪೇಟಿ, ಎಲ್ಲರಿಗೂ ಗೊತ್ತು. ಮನೆ ನೋಡಲು ಒಂದೇ ಥರ, ಕೆಲಸ ಪೂರ್ತಿ ಬೇರೆ. ಪೇಟಿಯಲ್ಲಿ ಗಾಳಿ ಇರುವಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಮನೆ ಒತ್ತಿದಾಗ ಒಳಗೆ ಒಂದು ಸಣ್ಣ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಹೊಡೆದ ಗಳಿಗೆಯಿಂದಲೇ ನಾದ ಕುಂದುತ್ತ ಹೋಗುತ್ತದೆ. ಸಾಯುತ್ತಿರುವ ಸ್ವರಗಳನ್ನು ಒಂದಕ್ಕೊಂದು ಹೆಣೆದು ಹಾಡಿದಂತೆ ಕೇಳಿಸಬೇಕು. ಅದಕ್ಕೆ ಬೆರಳಿಗಿಂತ ಹೆಚ್ಚಾಗಿ ಕಿವಿ ಬೇಕು.

ಆ ಕಿವಿಯೇ ಅಗಾತೆಯವರಿಗೆ ಕೈಕೊಟ್ಟಿತು. ಶತಮಾನ ಮುಗಿಯುವ ಹೊತ್ತಿಗೆ ಕೇಳಿಸುವುದು ಮಂದವಾಗುತ್ತ ಬಂತು. 1898ರಲ್ಲಿ ಗ್ರೀಗ್ ತಮ್ಮ ಹುಟ್ಟೂರು ಬರ್ಗೆನ್‌ನಲ್ಲಿ ನಾರ್ವೆಯ ಮೊದಲ ದೊಡ್ಡ ಸಂಗೀತ ಉತ್ಸವ ಏರ್ಪಡಿಸಿ, ಆಮ್‌ಸ್ಟರ್‌ಡಾಮ್‌ನ ವಾದ್ಯವೃಂದವನ್ನು ಕರೆಸಿದರು. (ನಮ್ಮವರನ್ನು ಬಿಟ್ಟು ಹೊರಗಿನವರೇಕೆ ಎಂದು ದೊಡ್ಡ ಜಗಳವೇ ಆಯಿತು.) ಆ ಉತ್ಸವದಲ್ಲಿ ಅಗಾತೆಯವರೂ ನುಡಿಸಿದರು. ಅದಾಗಿ ಮೂರು ನಾಲ್ಕು ವರ್ಷಗಳಲ್ಲಿ ಅವರ ಕಚೇರಿಗಳು ನಿಂತುಹೋದವು. ಕೊನೆಗೆ ಕಿವಿ ಹೆಚ್ಚುಕಡಿಮೆ ಪೂರ್ತಿ ಕೇಳಿಸದಾಯಿತು. ಪಾಠ ಮತ್ತು ಬರವಣಿಗೆ ಮಾತ್ರ ಮುಂದುವರಿದವು.

ಬರೆದದ್ದು ಕಡಿಮೆಯೇನಲ್ಲ. ಕೃತಿಸಂಖ್ಯೆ ಎಪ್ಪತ್ತರವರೆಗೆ ಹೋಗುತ್ತದೆ. ಬಿಡಿಬಿಡಿಯಾಗಿ ಎಣಿಸಿದರೆ ಸುಮಾರು 400 ರಚನೆಗಳು. ಅವುಗಳಲ್ಲಿ ಹಾಡುಗಳೇ ಹೆಚ್ಚು, ನಂತರ ಪಿಯಾನೊ ತುಣುಕುಗಳು. ಎಳವೆಯಲ್ಲಿ ವಾದ್ಯವೃಂದಕ್ಕೂ ಬರೆದಿದ್ದರು, ಆಮೇಲೆ ಅದನ್ನು ಮುಂದುವರಿಸಲಿಲ್ಲ. ಸಣ್ಣ ಹಾಡು, ಸಣ್ಣ ತುಣುಕಾದರೆ ಮನೆಕೆಲಸದ ನಡುವೆ ಮುಗಿಸಬಹುದು, ಪ್ರಕಾಶಕರೂ ಕೊಳ್ಳುತ್ತಾರೆ, ಮನೆಮನೆಯಲ್ಲಿ ಹಾಡುತ್ತಾರೆ. ಸಿಂಫನಿ ಬರೆದರೆ ನುಡಿಸುವವರಾರು? ಕಾರಣ ಇದೇ ಇರಬೇಕೆಂದು ನನಗೆ ತೋರುತ್ತದೆ. ಮುಟ್ಟಿದರೆ ಮುನಿ ಗಿಡ ಹಾಡುವಂತಿದ್ದರೆ ಅದರ ದನಿ ಅಗಾತೆಯವರ ಹಾಡುಗಳಂತೆ ಇರುತ್ತಿತ್ತು ಎಂಬರ್ಥದ ಮಾತನ್ನು ಗ್ರೀಗ್ ಹೇಳಿದ್ದಾರೆ. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಸತ್ಯ. ಕೃತಿಸಂಖ್ಯೆ 11ರ ಕಾನ್ಸರ್ಟ್ ಎಟ್ಯೂಡ್‌ಗಳನ್ನು ಕೇಳಿದವರಿಗೆ ಮುದುಡಿಕೊಳ್ಳುವ ಗಿಡ ನೆನಪಾಗುವುದಿಲ್ಲ; ಲಿಸ್ಟ್ ಶಿಷ್ಯೆಯ ಗಟ್ಟಿ ಕೈ ಅಲ್ಲಿ ಕಾಣುತ್ತದೆ.

1907ರ ಜೂನ್ 4ರಂದು ಕ್ರಿಸ್ಟಿಯಾನಿಯ ಪಕ್ಕದ ಓರ್ಮೊಯ ದ್ವೀಪದ ತಮ್ಮ ಮನೆಯಲ್ಲಿ ಅಗಾತೆ ತೀರಿಕೊಂಡರು. ಐವತ್ತೊಂಬತ್ತು ವರ್ಷ. ಸರಿಯಾಗಿ ಮೂರು ತಿಂಗಳಿಗೆ, ಸೆಪ್ಟೆಂಬರ್ 4ರಂದು, ಗ್ರೀಗ್ ಹೋದರು. ಅವರಿಗಾಗಿ ಬರ್ಗೆನ್ ಬೀದಿಗಳು ತುಂಬಿದವು; ಅಗಾತೆಯವರ ಹೆಸರು ಆ ನೆರಳಿನಲ್ಲಿ ಬಹುಕಾಲ ಮಸುಕಾಯಿತು. ಈಚಿನ ದಶಕಗಳಲ್ಲಿ ನಾರ್ವೆಯ ವಾದಕರು ಅವರ ಕೃತಿಗಳನ್ನು ಮತ್ತೆ ನುಡಿಸಿ ಧ್ವನಿಮುದ್ರಿಸುತ್ತಿದ್ದಾರೆ.

ಕೇಳಬೇಕೆನ್ನುವ ಸದಸ್ಯರು ಯೂಟ್ಯೂಬ್‌ನಲ್ಲಿ ಹುಡುಕಬಹುದು. ಮೊದಲು ಕೃತಿಸಂಖ್ಯೆ 45ರ 'ಸೊಮ್ಮರ್‌ವಿಸೆ', ಅಂದರೆ ಬೇಸಿಗೆಯ ಹಾಡು. ಚಿಕ್ಕದು, ಎಂಥವರಿಗೂ ಹಿಡಿಸುತ್ತದೆ. ಆಮೇಲೆ ಕೃತಿಸಂಖ್ಯೆ 15ರ ಸೆರೆನೇಡ್. ಜನಪದ ಧಾಟಿ ಇಷ್ಟವಿದ್ದವರು ಕೃತಿಸಂಖ್ಯೆ 30ರ ನಾರ್ವೆಯ ಹಾಡು-ಕುಣಿತಗಳನ್ನೂ, ಕಥೆ ಬೇಕೆನ್ನುವವರು 'ನೀಲಿ ಬೆಟ್ಟದಲ್ಲಿ' ಎಂಬರ್ಥದ ಕೃತಿಸಂಖ್ಯೆ 44ನ್ನೂ ಕೇಳಿ. ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಿರುವ ಮನೆಗಳಿಗೆ ಒಂದು ಅನುಕೂಲ: ಕೃತಿಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಹಲವು ಸ್ವರಲಿಪಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.