ಅಮೆರಿಕದಲ್ಲಿ ಡಿ.ಓ. ಓದಬಹುದಾ? ಸೀಟು ಒಪ್ಪಿಕೊಳ್ಳುವ ಮೊದಲು ತಿಳಿದಿರಬೇಕಾದ್ದು

ಶಿಕಾಗೋ ಹತ್ತಿರ ಇರುವ ನಮ್ಮಕ್ಕನ ಮಗಳಿಗೆ ಕಳೆದ ಬಾರಿ ಎರಡು ಮೆಡಿಕಲ್ ಕಾಲೇಜುಗಳಿಂದ ಸೀಟು ಬಂತು. ಮನೆಯಲ್ಲಿ ಹೋಳಿಗೆ ಆಗಬೇಕಿತ್ತು, ಆಗಿದ್ದು ಜಗಳ. ಯಾಕಂದ್ರೆ ಎರಡೂ ಆಸ್ಟಿಯೋಪಥಿಕ್ ಕಾಲೇಜುಗಳು. ಓದು ಮುಗಿದ ಮೇಲೆ ಹೆಸರಿನ ಮುಂದೆ ಎಂ.ಡಿ. ಬದಲು ಡಿ.ಓ. ಅಂತ ಬರುತ್ತೆ. ತುಮಕೂರಿನಿಂದ ನಮ್ಮಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅದೇನೋ ಮೂಳೆ ಡಾಕ್ಟ್ರಂತಲ್ಲ, ಪುತ್ತೂರು ಕಟ್ಟು ಹಾಕ್ತಾರಲ್ಲ, ಹಂಗಾ?" ಅಕ್ಕನಿಗೆ ಮಗಳು ಒಂದು ವರ್ಷ ಕಾದು ಮತ್ತೆ ಎಂ.ಡಿ.ಗೆ ಅರ್ಜಿ ಹಾಕಲಿ ಅಂತ ಆಸೆ. ಭಾವನ ಸ್ನೇಹಿತರೊಬ್ಬರು ಕೆರಿಬಿಯನ್ ದ್ವೀಪದ ಕಾಲೇಜಿಗೆ ಕಳಿಸಿ ಅಂತ ಸಲಹೆ ಕೊಟ್ಟರು.

ಆ ಎರಡು ತಿಂಗಳು ನಾನು ಇದರ ಹಿಂದೆ ಬಿದ್ದು ಓದಿದೆ, ಡಿ.ಓ. ಡಾಕ್ಟರುಗಳನ್ನು ಕಂಡು ಮಾತಾಡಿಸಿದೆ. ಇದೇ ಗೊಂದಲದಲ್ಲಿರುವ ಕನ್ನಡದ ಮನೆಗಳು ಅಲ್ಲಿ ಬೇಕಾದಷ್ಟಿವೆ. ಅವರಿಗಾಗಿ ಇದು.

ಡಿ.ಓ. ಅಂದರೆ ಏನು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಎಂ.ಡಿ. ಅಂದರೆ ಎಂಬಿಬಿಎಸ್ ಮುಗಿದ ಮೇಲೆ ಮಾಡುವ ಸ್ನಾತಕೋತ್ತರ ಪದವಿ. ಅಮೆರಿಕದಲ್ಲಿ ಅದು ವೈದ್ಯರಾಗುವ ಮೂಲ ಪದವಿ. ಡಿ.ಓ. ಅದಕ್ಕೆ ಸಮಾನವಾದ ಇನ್ನೊಂದು ಪದವಿ. ಎರಡೂ ಕಡೆ ಡಿಗ್ರಿ ಮುಗಿಸಿ, ಎಂಕ್ಯಾಟ್ ಬರೆದು, ನಾಲ್ಕು ವರ್ಷ ಓದಬೇಕು. ಆಮೇಲೆ ರೆಸಿಡೆನ್ಸಿ. ಐವತ್ತೂ ರಾಜ್ಯಗಳಲ್ಲಿ ಡಿ.ಓ.ಗಳು ಔಷಧಿ ಬರೆಯಬಹುದು, ಶಸ್ತ್ರಚಿಕಿತ್ಸೆ ಮಾಡಬಹುದು, ಯಾವ ವಿಭಾಗದಲ್ಲಾದರೂ ತಜ್ಞರಾಗಬಹುದು. ಟ್ರಂಪ್ ಮೊದಲ ಅವಧಿಯಲ್ಲಿ ಶ್ವೇತಭವನದ ವೈದ್ಯರಾಗಿದ್ದ ಷಾನ್ ಕಾನ್ಲಿ, ಬೈಡನ್ ಅವರ ವೈದ್ಯ ಕೆವಿನ್ ಓಕಾನರ್ ಇಬ್ಬರೂ ಡಿ.ಓ.ಗಳೇ.

ಆದರೆ ಇದು ಅಮೆರಿಕದ ಮಾತು. ಬ್ರಿಟನ್ನಿನಲ್ಲಿ 'ಆಸ್ಟಿಯೋಪಾತ್' ಅಂದರೆ ಕೈಯಿಂದ ಚಿಕಿತ್ಸೆ ಮಾಡುವ ಥೆರಪಿಸ್ಟ್, ವೈದ್ಯರಲ್ಲ. ಒಡಿಶಾದ ಶ್ರೀ ಶ್ರೀ ವಿಶ್ವವಿದ್ಯಾಲಯದಲ್ಲಿ ಇರುವ ಆಸ್ಟಿಯೋಪಥಿ ಕೋರ್ಸ್ ಕೂಡ ಆ ಬಗೆಯದು. ಹೆಸರು ಒಂದೇ, ಓದು ಬೇರೆ. ಊರಿನವರಿಗೆ ಗೊಂದಲ ಆಗೋದರಲ್ಲಿ ತಪ್ಪೇನಿಲ್ಲ.

ಕೀಳರಿಮೆ ಎಲ್ಲಿಂದ ಬಂತು?

ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನುವ ವೈದ್ಯ 1864ರಲ್ಲಿ ಮಿದುಳು ಪೊರೆಯ ಸೋಂಕಿಗೆ ತನ್ನ ಮೂವರು ಮಕ್ಕಳನ್ನು ಕಳೆದುಕೊಂಡ. ಆಗ ಔಷಧಿ ಅಂದರೆ ಪಾದರಸದ ಪುಡಿ, ರಕ್ತ ಹರಿಸೋದು. ಆ ವೈದ್ಯದ ಮೇಲೆ ನಂಬಿಕೆ ಕಳೆದುಕೊಂಡ ಸ್ಟಿಲ್, ಮೂಳೆ, ಸ್ನಾಯುಗಳನ್ನು ಸರಿಪಡಿಸಿದರೆ ದೇಹ ತಾನೇ ವಾಸಿಯಾಗುತ್ತೆ ಅಂತ ಹೊರಟ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆರೆದ. ಅವನ ಸಿದ್ಧಾಂತದ ಬಹುಭಾಗ ಇವತ್ತು ನಿಲ್ಲೋದಿಲ್ಲ. ಕಾಲೇಜುಗಳೂ ನಿಧಾನಕ್ಕೆ ಬದಲಾದವು. ಔಷಧ ವಿಜ್ಞಾನ, ಶಸ್ತ್ರಚಿಕಿತ್ಸೆ ಎಲ್ಲವೂ ಪಠ್ಯದೊಳಗೆ ಬಂದವು.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಮಜವಾಗಿದೆ. 1962ರಲ್ಲಿ ಅಲ್ಲಿ ಎರಡು ಸಂಘಗಳು ರಾಜಿಯಾಗಿ, ಸುಮಾರು 2,000 ಡಿ.ಓ.ಗಳು 65 ಡಾಲರ್ ಕಟ್ಟಿ ಎಂ.ಡಿ.ಗಳಾದರು. ಹಿಂದಿನ ದಿನದ ಡಾಕ್ಟರೇ, ಹಿಂದಿನ ದಿನದ ರೋಗಿಗಳೇ. ಬೋರ್ಡ್ ಮಾತ್ರ ಹೊಸದು. ಹೊಸ ಡಿ.ಓ.ಗಳಿಗೆ ಅಲ್ಲಿ ಲೈಸೆನ್ಸ್ ನಿಂತುಹೋಯಿತು. 1974ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಕೊಡಿಸಿತು. ಎರಡಕ್ಷರದ ಪ್ರತಿಷ್ಠೆಯ ಬೆಲೆ ಎಷ್ಟು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಲಾಭಗಳು

ಮೊದಲನೆಯದು, ಸೀಟು. ಪ್ರತಿವರ್ಷ ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದೂ ಎಂ.ಡಿ. ಸೀಟು ಸಿಗಲ್ಲ. ಡಿ.ಓ. ಕಾಲೇಜಿಗೆ ಸೇರುವವರ ಎಂಕ್ಯಾಟ್ ಸರಾಸರಿ 504ರ ಆಸುಪಾಸು, ಎಂ.ಡಿ.ಯವರದ್ದು 511-512. ಅಂದರೆ ಓದಿನಲ್ಲಿ ಒಮ್ಮೆ ಎಡವಿದವರಿಗೂ ಇಲ್ಲಿ ಬಾಗಿಲು ತೆರೆದಿದೆ. ಇವತ್ತು ಅಮೆರಿಕದ ವೈದ್ಯ ವಿದ್ಯಾರ್ಥಿಗಳಲ್ಲಿ ನಾಲ್ವರಲ್ಲಿ ಒಬ್ಬರು ಡಿ.ಓ. ಓದುತ್ತಿದ್ದಾರೆ.

ಎರಡನೆಯದು, ರೆಸಿಡೆನ್ಸಿ. 2020ರ ಹೊತ್ತಿಗೆ ಎರಡೂ ಕಡೆಯ ರೆಸಿಡೆನ್ಸಿಗಳು ಒಂದೇ ಮಾನ್ಯತಾ ವ್ಯವಸ್ಥೆಗೆ ಬಂದವು. 2025ರ ಮ್ಯಾಚ್‌ನಲ್ಲಿ ಅಂತಿಮ ವರ್ಷದ ಎಂ.ಡಿ. ವಿದ್ಯಾರ್ಥಿಗಳಲ್ಲಿ ಶೇ. 93.5 ಮಂದಿಗೆ, ಡಿ.ಓ.ಗಳಲ್ಲಿ ಶೇ. 92.6 ಮಂದಿಗೆ ಜಾಗ ಸಿಕ್ಕಿತು. ವಿದೇಶದಲ್ಲಿ, ಅಂದರೆ ಕೆರಿಬಿಯನ್ ಸೇರಿದಂತೆ ಹೊರಗೆ ಓದಿ ಬಂದ ಅಮೆರಿಕನ್ ನಾಗರಿಕರಿಗೆ ಸಿಕ್ಕಿದ್ದು ಶೇ. 68ರಷ್ಟು. ಭಾವನ ಸ್ನೇಹಿತರ ಸಲಹೆಗೆ ಉತ್ತರ ಈ ಒಂದು ಅಂಕಿಯಲ್ಲೇ ಇದೆ. ಕೆರಿಬಿಯನ್‌ನಲ್ಲಿ ನಡುವೆ ಓದು ಬಿಟ್ಟವರು ಈ ಲೆಕ್ಕಕ್ಕೂ ಬರೋದಿಲ್ಲ.

ಮೂರನೆಯದು, ಕೈಯಿಂದ ಮುಟ್ಟಿ ಪರೀಕ್ಷಿಸುವ ತರಬೇತಿ. ಸುಮಾರು 200 ಗಂಟೆ ಕೈಚಿಕಿತ್ಸೆ ಕಲಿಸುತ್ತಾರೆ. ಸೊಂಟನೋವಿನಂಥದ್ದಕ್ಕೆ ಇದರಿಂದ ಒಂದಿಷ್ಟು ಉಪಯೋಗ ಉಂಟು. ಕುಟುಂಬ ವೈದ್ಯರಾಗೋರಿಗೆ ಇದು ಕೆಲಸಕ್ಕೆ ಬರುತ್ತೆ.

ನಷ್ಟಗಳು

ಅದೇ ಕೈಚಿಕಿತ್ಸೆಯ ಇನ್ನೊಂದು ಮುಖವೂ ಇದೆ. ತಲೆಬುರುಡೆಯ ಮೂಳೆಗಳ 'ಲಯ' ಹಿಡಿಯುವ ಪಾಠಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೂ ಪರೀಕ್ಷೆಗೆ ಓದಲೇಬೇಕು. ಬಹಳಷ್ಟು ಡಿ.ಓ.ಗಳು ವೃತ್ತಿಗೆ ಬಂದ ಮೇಲೆ ಕೈಚಿಕಿತ್ಸೆಯನ್ನು ಅಪರೂಪಕ್ಕೆ ಬಳಸುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ.

ಪರೀಕ್ಷೆಯ ಹೊರೆ ಎರಡು ಪಟ್ಟು. ಡಿ.ಓ.ಗಳಿಗೆ ಕಾಮ್‌ಲೆಕ್ಸ್ ಕಡ್ಡಾಯ. ಪೈಪೋಟಿಯ ರೆಸಿಡೆನ್ಸಿ ಬೇಕಂದ್ರೆ ಎಂ.ಡಿ.ಗಳು ಬರೆಯುವ ಯುಎಸ್‌ಎಂಎಲ್‌ಇ ಕೂಡ ಬರೀಬೇಕು. ಎರಡು ಸಲ ತಯಾರಿ, ಎರಡು ಸಲ ಶುಲ್ಕ.

ಮ್ಯಾಚ್‌ನ ಸರಾಸರಿ ಅಂಕಿ ಒಂದು ವಿಷಯ ಮುಚ್ಚಿಡುತ್ತೆ. ಚರ್ಮರೋಗ, ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿ, ಇಎನ್‌ಟಿ ವಿಭಾಗಗಳಲ್ಲಿ ಡಿ.ಓ.ಗಳಿಗೆ ದಾರಿ ಈಗಲೂ ಕಿರಿದು. ದೊಡ್ಡ ಹೆಸರಿನ ಕೆಲವು ಆಸ್ಪತ್ರೆಗಳು ಬಾಯಿಬಿಟ್ಟು ಹೇಳದೆ ಅವರನ್ನು ಪಕ್ಕಕ್ಕಿಡುತ್ತವೆ. ಡಿ.ಓ.ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪ್ರಾಥಮಿಕ ಚಿಕಿತ್ಸೆಯಲ್ಲಿದ್ದಾರೆ. ಅದು ಸೇವಾಭಾವನೆ ಅಷ್ಟೇ ಅಲ್ಲ, ಬೇರೆ ಬಾಗಿಲು ಮುಚ್ಚಿದ್ದೂ ಕಾರಣ.

ದುಡ್ಡು. ಹೆಚ್ಚಿನ ಡಿ.ಓ. ಕಾಲೇಜುಗಳು ಖಾಸಗಿ. ಊಟ, ಬಾಡಿಗೆ ಸೇರಿ ನಾಲ್ಕು ವರ್ಷಕ್ಕೆ ಮೂರು ಲಕ್ಷ ಡಾಲರ್ ದಾಟೋದು ಮಾಮೂಲಿ. ಇಲ್ಲಿ ಹೊಸ ಪೆಟ್ಟೊಂದಿದೆ. 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೃತ್ತಿಪರ ವಿದ್ಯಾರ್ಥಿಗಳಿಗೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್‌ಗೆ ಮಿತಿ. ಉಳಿದದ್ದಕ್ಕೆ ಖಾಸಗಿ ಬ್ಯಾಂಕ್, ಇಲ್ಲವೇ ಅಪ್ಪ-ಅಮ್ಮ. ಮಿಷಿಗನ್, ಟೆಕ್ಸಾಸ್, ಓಕ್ಲಹೋಮ, ಒಹಾಯೊಗಳಲ್ಲಿ ಸರ್ಕಾರಿ ಡಿ.ಓ. ಕಾಲೇಜುಗಳಿವೆ. ಆ ರಾಜ್ಯದವರಾದರೆ ಮೊದಲು ಅಲ್ಲಿ ನೋಡಿ.

ನಿಜವಾದ ಪ್ರಶ್ನೆ ಬೇರೆಯೇ ಇದೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಮೂರನೇ, ನಾಲ್ಕನೇ ವರ್ಷದ ಆಸ್ಪತ್ರೆ ತರಬೇತಿ. ಈಗ ಡಿ.ಓ. ಕಾಲೇಜುಗಳು 40ಕ್ಕೂ ಹೆಚ್ಚು. ಹಲವು ಹೊಸವು, ಹಲವಕ್ಕೆ ಸ್ವಂತ ಆಸ್ಪತ್ರೆಯೇ ಇಲ್ಲ. ವಿದ್ಯಾರ್ಥಿಗಳನ್ನು ಬೇರೆ ಬೇರೆ ಊರಿನ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಹಂಚುತ್ತಾರೆ. ಕೆಲವು ಕಡೆ ರೆಸಿಡೆಂಟುಗಳೇ ಇರಲ್ಲ, ಒಬ್ಬ ಡಾಕ್ಟರ ಹಿಂದೆ ನೆರಳಿನ ಥರ ನಿಂತು ಬರೋದಷ್ಟೇ. ಹಾಸಿಗೆಯ ಪಕ್ಕ ಕಲಿಯದವರು ಎಂ.ಡಿ. ಆದರೂ ಅಷ್ಟೇ, ಡಿ.ಓ. ಆದರೂ ಅಷ್ಟೇ.

ಹಾಗಾಗಿ ಸೀಟಿನ ಡಿಪಾಸಿಟ್ ಕಟ್ಟುವ ಮೊದಲು ಕಾಲೇಜಿಗೆ ನೇರವಾಗಿ ಕೇಳಿ:

- ಮೂರನೇ ವರ್ಷದ ತರಬೇತಿ ಯಾವ ಆಸ್ಪತ್ರೆಗಳಲ್ಲಿ? ಎಷ್ಟು ಸಲ ಊರು ಬದಲಿಸಬೇಕು? ಆ ಖರ್ಚು ಯಾರದು?
- ಆ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ಇದೆಯಾ?
- ಸೇರಿದವರಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷಕ್ಕೆ ಮುಗಿಸಿದರು?
- ಕಳೆದ ಮೂರು ವರ್ಷ ಯಾರಿಗೆ ಎಲ್ಲಿ, ಯಾವ ವಿಭಾಗದಲ್ಲಿ ಮ್ಯಾಚ್ ಆಯಿತು?

ಉತ್ತರ ಕೊಡಲು ತಡವರಿಸಿದರೆ, ಅದೇ ಉತ್ತರ ಅಂದ್ಕೊಳ್ಳಿ. ಮುಂದೆ ಭಾರತಕ್ಕೆ ಮರಳಿ ವೃತ್ತಿ ಮಾಡುವ ಯೋಚನೆ ಇದ್ದರೆ, ಸೇರುವ ಮೊದಲೇ ರಾಷ್ಟ್ರೀಯ ವೈದ್ಯಕೀಯ ಆಯೋಗದಿಂದ ಲಿಖಿತ ಉತ್ತರ ತರಿಸಿಕೊಳ್ಳಿ.

ಹಾಗಾದರೆ ಸೇರಬೇಕಾ?

ಮಗುವಿಗೆ ನ್ಯೂರೋಸರ್ಜನ್ನೇ ಆಗಬೇಕು ಅಂತಿದ್ದು, ಅಂಕಗಳೂ ಹತ್ತಿರದಲ್ಲಿದ್ದರೆ ಒಂದು ವರ್ಷ ಕಾದು ಎಂ.ಡಿ.ಗೆ ಪ್ರಯತ್ನಿಸುವುದರಲ್ಲಿ ಅರ್ಥ ಇದೆ. ಮಕ್ಕಳ ವೈದ್ಯೆ, ಕುಟುಂಬ ವೈದ್ಯೆ, ಇಂಟರ್ನಲ್ ಮೆಡಿಸಿನ್, ಮನೋವೈದ್ಯಕೀಯ ಸಾಕು ಅಂದ್ರೆ, ಒಳ್ಳೆ ಆಸ್ಪತ್ರೆ ಜೊತೆಗಿರುವ ಡಿ.ಓ. ಕಾಲೇಜನ್ನು ಬಿಟ್ಟು ಕಾಯೋದು ನಷ್ಟ. ಕಾದರೆ ಸಿಗುತ್ತೆ ಅನ್ನುವ ಖಾತ್ರಿ ಯಾರೂ ಕೊಡಲ್ಲ. ಒಂದು ವರ್ಷ ತಡವಾದರೆ ಡಾಕ್ಟರ ಸಂಬಳವೂ ಒಂದು ವರ್ಷ ಹಿಂದಕ್ಕೆ ಹೋಗುತ್ತೆ.

ನಮ್ಮ ಹುಡುಗಿಗೆ ಮಕ್ಕಳ ವೈದ್ಯೆ ಆಗೋ ಆಸೆ. ಎರಡು ಕಾಲೇಜುಗಳಲ್ಲಿ ಹೊಳೆಯುವ ಕಟ್ಟಡದ ಹೊಸದನ್ನು ಬಿಟ್ಟಳು. ಅಲ್ಲಿ ತರಬೇತಿಯ ಪಟ್ಟಿ ಕೇಳಿದರೆ ಬ್ರೋಷರ್ ಕಳಿಸಿದ್ದರು. ಹಳೆಯದಾದರೂ ಊರಿನ ಆಸ್ಪತ್ರೆಯ ಜೊತೆ ಗಟ್ಟಿ ಒಪ್ಪಂದ ಇರುವ ಕಾಲೇಜಿಗೆ ಸೇರಿದಳು. ಅಕ್ಕನಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ "ಮೆಡಿಕಲ್ ಓದ್ತಿದಾಳೆ" ಅಂತಷ್ಟೇ ಹೇಳಿ ಮಾತು ಬದಲಿಸುತ್ತಾಳೆ. ನಮ್ಮಮ್ಮ ಮಾತ್ರ ಎಲ್ಲ ಕೇಳಿಸಿಕೊಂಡು, "ಮಕ್ಕಳಿಗೆ ಜ್ವರ ಬಂದ್ರೆ ಔಷಧಿ ಕೊಡ್ತಾಳೆ ತಾನೇ? ಮತ್ತೇನಂತೆ ನಿಮ್ಮ ಗಲಾಟೆ" ಅಂದು ಫೋನ್ ಇಟ್ಟರು.